ಕಲ್ಲಿನ ಬಳೆ, ಕಾಗದದ ಸಾಹಸಿ

ಕೋಲಾರ ಸೀಮೆಯ ಹಳ್ಳಿಗಳಲ್ಲಿ ಓಡಾಡಿದವರಿಗೆ ವೀರಗಲ್ಲು ಅಪರೂಪದ ವಸ್ತುವೇನಲ್ಲ. ಕೆರೆಯ ಏರಿ, ಹೊಲದ ಬದು, ಗುಡಿಯ ಹಿಂಭಾಗ, ಹೀಗೆ ಎಲ್ಲೆಂದರಲ್ಲಿ ಅರ್ಧ ಹೂತುಹೋದ ಒಂದು ಕಲ್ಲು ಕಣ್ಣಿಗೆ ಬೀಳುತ್ತದೆ. ಬಿ. ಎಲ್. ರೈಸ್ ಅವರು ಈ ಜಿಲ್ಲೆಯ ಶಾಸನಗಳನ್ನು ಊರೂರು ಅಲೆದು ಸಂಗ್ರಹಿಸಿ 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಗಂಗರ, ಬಾಣರ, ನೊಳಂಬರ ಕಾಲದ ಎಷ್ಟೋ ಬರಹಗಳು ಅದರಲ್ಲಿ ಒಂದೇ ಬಗೆಯ ಸುದ್ದಿಯನ್ನು ಹೇಳುತ್ತವೆ: ಶತ್ರುಗಳು ಊರ ದನಗಳನ್ನು ಹೊಡೆದುಕೊಂಡು ಹೋದರು, ಇಂಥವನು ಅಡ್ಡಬಂದು ಕಾದಿದ, ದನಗಳನ್ನು ಬಿಡಿಸಿದ, ಸತ್ತ.

ಬರಹ ಓದಲು ಬಾರದವರಿಗೂ ಆ ಕಲ್ಲು ಕಥೆ ಹೇಳುತ್ತದೆ. ಅದನ್ನು ಓದುವ ಕ್ರಮ ಕೆಳಗಿನಿಂದ ಮೇಲಕ್ಕೆ. ಸಾಮಾನ್ಯವಾಗಿ ಮೂರು ಅಂಕಣಗಳು. ಕೆಳಗಿನದರಲ್ಲಿ ಬಿಲ್ಲು ಅಥವಾ ಕತ್ತಿ ಹಿಡಿದ ವೀರ, ಎದುರಿಗೆ ಶತ್ರುಗಳು, ಕೆಲವೊಮ್ಮೆ ಮೂಲೆಯಲ್ಲಿ ಸಾಲಾಗಿ ದನಗಳು. ನಡುವಿನ ಅಂಕಣದಲ್ಲಿ ಅದೇ ವೀರನನ್ನು ಎರಡು ಪಕ್ಕದಲ್ಲಿ ಅಪ್ಸರೆಯರು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕುಳಿತಿದ್ದಾನೆ. ತಲೆಯ ಮೇಲೆ ಸೂರ್ಯಚಂದ್ರರು. ಒಂದೇ ಪಾತ್ರ ಮೂರು ಚೌಕಗಳಲ್ಲಿ ಮೂರು ಸಲ ಬರುತ್ತದೆ, ಚೌಕದಿಂದ ಚೌಕಕ್ಕೆ ಕಾಲ ಸರಿಯುತ್ತದೆ. ಇದು ಚಿತ್ರಕಥೆಯಲ್ಲದೆ ಮತ್ತೇನು? ಕಾಮಿಕ್ಸ್ ಎಂಬುದು ಅಮೆರಿಕದಿಂದ ಬಂದ ಹೊಸ ಪದಾರ್ಥವೆಂದು ಮೂಗು ಮುರಿಯುವ ಹಿರಿಯರಿಗೆ ಈ ಕಲ್ಲುಗಳನ್ನು ತೋರಿಸಬಹುದು.

ಈ ಕಲ್ಲಿನ ಚಿತ್ರಕಥೆಯಲ್ಲಿ ಹೆಣ್ಣು ಎಲ್ಲಿದ್ದಾಳೆ ಎಂದು ಹುಡುಕಿ ನೋಡಿ. ನಡುವಿನ ಅಂಕಣದಲ್ಲಿ ಅವಳು ಅಪ್ಸರೆ, ಸತ್ತವನಿಗೆ ಸಿಗುವ ಬಹುಮಾನ. ಇನ್ನೊಂದು ಕಡೆ ಅವಳಿಗೇ ಮೀಸಲಾದ ಕಲ್ಲಿದೆ. ಅದು ಮಾಸ್ತಿಕಲ್ಲು. ಒಂದು ಕಂಬದಿಂದ ಚಾಚಿ, ಮೊಣಕೈಯಲ್ಲಿ ಬಾಗಿ ಮೇಲೆತ್ತಿದ ಬಲಗೈ. ಕೈ ತುಂಬ ಬಳೆ. ಬೆರಳುಗಳ ನಡುವೆ ಒಂದು ನಿಂಬೆಹಣ್ಣು. ಬಳೆ ಒಡೆದಿಲ್ಲ, ಎಂದರೆ ಅವಳು ವಿಧವೆಯಾಗಿ ಬದುಕಲಿಲ್ಲ, ಗಂಡನ ಚಿತೆ ಏರಿದಳು. ಎಷ್ಟೋ ಕಲ್ಲುಗಳಲ್ಲಿ ಅವಳ ಮುಖವೂ ಇರುವುದಿಲ್ಲ, ಕೈಯೊಂದೇ ಇರುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮಕ್ಕೆ ಆ ಹೆಸರು ಬಂದದ್ದು ಇಂಥ ಮಹಾಸತಿಯಿಂದ ಎಂಬುದು ಎಲ್ಲರೂ ಹೇಳುವ ಮಾತು. ಕನ್ನಡದ ಸಣ್ಣಕಥೆಗೆ ತಳಹದಿ ಹಾಕಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ತಮ್ಮ ಹೆಸರಿನ ಮುಂದೆ ಜೀವನವಿಡೀ ಹೊತ್ತದ್ದು ಈ ಊರನ್ನು. ನಾಡಿಗೆಲ್ಲ ಪ್ರಿಯವಾದ ಆ ಎರಡಕ್ಷರದ ಹಿಂದೆ ಸುಟ್ಟುಹೋದ ಒಬ್ಬ ಹೆಂಗಸು ನಿಂತಿದ್ದಾಳೆಂಬುದು ನಮಗೆ ನೆನಪಾಗುವುದು ಕಡಿಮೆ.

ಹೆಣ್ಣು ಕುದುರೆ ಏರಿ ಕತ್ತಿ ಹಿಡಿದ ಕಲ್ಲು ಕನ್ನಡನಾಡಿನಲ್ಲಿ ಇಲ್ಲವೆಂದಲ್ಲ. ಶ್ರವಣಬೆಳಗೊಳದಲ್ಲಿ ಹತ್ತನೆಯ ಶತಮಾನದ್ದೆನ್ನಲಾದ ಒಂದು ವೀರಗಲ್ಲಿದೆ. ಸಾವಿಯಬ್ಬೆ ಎಂಬವಳು ಗಂಡ ಲೋಕವಿದ್ಯಾಧರನೊಂದಿಗೆ ಯುದ್ಧಕ್ಕೆ ಹೋಗಿ ಬಗೆಯೂರಿನಲ್ಲಿ ಮಡಿದಳೆಂದು ಅದು ಹೇಳುತ್ತದೆ. ಕುದುರೆಯ ಮೇಲೆ ಕುಳಿತು ಕತ್ತಿ ಎತ್ತಿದ ಅವಳ ಎದುರಿಗೆ ಆನೆಯ ಮೇಲೊಬ್ಬ ಯೋಧ. ಗಂಡನ ಚಿತೆ ಏರಿದವಳಲ್ಲ, ತನ್ನ ಕಾಳಗವನ್ನು ತಾನೇ ಕಾದಿದವಳು ಇವಳು. ಆದರೆ ಅವಳಿಗೂ ಚಿತ್ರ ದಕ್ಕಿದ್ದು ಸತ್ತದ್ದರಿಂದಲೇ. ವೀರಗಲ್ಲಿನ ನಿಯಮವೇ ಅದು ಎನ್ನಿ, ಗಂಡಸಿಗೂ ಹಾಗೆಯೇ. ಆದರೆ ಕಲ್ಲು ಮುಗಿದು ಕಾಗದ ಬಂದ ಮೇಲೆ ಗಂಡು ವೀರ ಬದುಕುವುದನ್ನು ಕಲಿತ. ವಾರವಾರವೂ ಗಂಡಾಂತರದಿಂದ ಪಾರಾಗಿ ಮುಂದಿನ ಸಂಚಿಕೆಗೆ ನಗುತ್ತ ಬಂದ. ಹೆಣ್ಣಿಗೆ ಆ ಸೌಭಾಗ್ಯ ಯಾವಾಗ ಸಿಕ್ಕಿತು? ಮನೆಬಿಟ್ಟು ಸಾಹಸಕ್ಕೆ ಹೊರಟು, ಗೆದ್ದು, ಜೀವಸಹಿತ ಹಿಂತಿರುಗುವ ಹೆಂಗಸನ್ನು ಮಾಲೂರಿನ ಅಥವಾ ಮುಳಬಾಗಿಲಿನ ಒಬ್ಬ ಹುಡುಗಿ ಚಿತ್ರಪುಸ್ತಕದಲ್ಲಿ ಕಂಡದ್ದು ಹೇಗೆ?

ಈ ನಾಲ್ಕು ತಾಲ್ಲೂಕುಗಳ ಓದಿನ ಸ್ಥಿತಿ ಸ್ವಲ್ಪ ವಿಶಿಷ್ಟವಾದುದು. ಮುಳಬಾಗಿಲು, ಶ್ರೀನಿವಾಸಪುರಗಳ ಗಡಿ ದಾಟಿದರೆ ಆಂಧ್ರ. ಮಾಲೂರಿನ ಗಡಿ ದಾಟಿದರೆ ಹೊಸೂರು, ತಮಿಳುನಾಡು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಕುಟುಂಬಗಳು ಇಲ್ಲಿ ಲೆಕ್ಕವಿಲ್ಲದಷ್ಟು. ಚಿನ್ನದ ಗಣಿಯ ಕಡೆಗೆ ಹೋದರೆ ತಮಿಳು. ಸ್ವತಃ ಮಾಸ್ತಿಯವರ ಮನೆಮಾತು ತಮಿಳಾಗಿತ್ತು. ಇಂಥ ಸೀಮೆಗೆ ಹೇಳಿ ಮಾಡಿಸಿದಂತಿದ್ದ ಪತ್ರಿಕೆ 'ಚಂದಮಾಮ'. 1947ರ ಜುಲೈನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹುಟ್ಟಿದ ಅದು 1949ರಲ್ಲಿ ಕನ್ನಡಕ್ಕೂ ಬಂತು. ಅಕ್ಷರ ಬೇರೆ, ಚಿತ್ರ ಒಂದೇ. ತೆಲುಗು ಓದುವ ಅಜ್ಜಿ, ಕನ್ನಡ ಓದುವ ಮೊಮ್ಮಗಳು ಒಂದೇ ಚಿತ್ರದ ಮೇಲೆ ಬೆರಳಿಟ್ಟು ಮಾತನಾಡಬಹುದಿತ್ತು. ಆ ಚಿತ್ರಗಳ ಚೆಲುವನ್ನು ಬಲ್ಲವರೇ ಬಲ್ಲರು. ಆದರೆ ಅದರ ರಾಜಕುಮಾರಿಯರ ಪಾಡು ನಮಗೆ ಗೊತ್ತಿದ್ದದ್ದೇ: ಮಾಂತ್ರಿಕ ಅಪಹರಿಸುತ್ತಾನೆ, ರಾಜಕುಮಾರ ಬಿಡಿಸುತ್ತಾನೆ, ಅರ್ಧ ರಾಜ್ಯದ ಜೊತೆಗೆ ಇವಳನ್ನೂ ಕೊಡಲಾಗುತ್ತದೆ.

ಚೌಕ ಚೌಕವಾಗಿ ಬರೆದ, ಮಾತು ಗುಳ್ಳೆಯೊಳಗಿರುವ ನಿಜವಾದ ಕಾಮಿಕ್ಸ್ ಕನ್ನಡದ ಮಕ್ಕಳಿಗೆ ಪುಸ್ತಕರೂಪದಲ್ಲಿ ಸಿಕ್ಕ ಬಗೆ ಕುತೂಹಲಕರ. 'ಅಮರ ಚಿತ್ರಕಥೆ' ಎಂದೊಡನೆ ಮುಂಬಯಿ, ಇಂಗ್ಲಿಷ್, ಅನಂತ ಪೈ ಎಂದು ನೆನೆಯುತ್ತೇವೆ. ಪೈಯವರು ಕಾರ್ಕಳದಲ್ಲಿ ಹುಟ್ಟಿದವರೆಂಬ ಹೆಮ್ಮೆಯೂ ನಮಗಿದೆ. ಆದರೆ ಆ ಹೆಸರಿನ ಮೊದಲ ಪುಸ್ತಕಗಳು ಬಂದದ್ದು 1965ರಲ್ಲಿ, ಬೆಂಗಳೂರಿನಿಂದ, ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ವ್ಯವಹಾರ ನೋಡುತ್ತಿದ್ದ ಜಿ. ಕೆ. ಅನಂತರಾಮ್ ಅವರ ಯೋಜನೆ ಅದು. ಪಾಶ್ಚಾತ್ಯ ಮಕ್ಕಳ ಕಥೆಗಳನ್ನು ಚಿತ್ರಸಹಿತ ಕನ್ನಡಕ್ಕೆ ತಂದರು. ಅವು ಚೆನ್ನಾಗಿ ಮಾರಾಟವಾದವು. ಮುಂಬಯಿಯ ಕಚೇರಿ ಕಣ್ಣರಳಿಸಿದ್ದು ಆಮೇಲೆ. ಪೈಯವರ 'ಕೃಷ್ಣ' ಸಂಚಿಕೆಯ ಕ್ರಮಸಂಖ್ಯೆ 11 ಆಗಿರುವುದು ಇದರಿಂದಲೇ. ಮೊದಲ ಹತ್ತು ಸಂಖ್ಯೆಗಳನ್ನು ಆ ಹಳೆಯ ಕಥೆಗಳು ಆಗಲೇ ಹಿಡಿದಿದ್ದವು.

ಆ ಹತ್ತರಲ್ಲಿ ಹೆಣ್ಣುಮಕ್ಕಳಿಗೇನೂ ಕೊರತೆಯಿರಲಿಲ್ಲ. ಸಿಂಡ್ರೆಲಾ, ಸ್ನೋ ವೈಟ್, ನಿದ್ರಾಸುಂದರಿ, ಕೆಂಪು ಟೋಪಿಯ ಹುಡುಗಿ. ಒಬ್ಬಳು ಬೂದಿಯ ಪಕ್ಕ ಕುಳಿತು ಕಾಯುತ್ತಾಳೆ. ಇಬ್ಬರು ಸತ್ತವರಂತೆ ಮಲಗಿ ಕಾಯುತ್ತಾರೆ. ಕಾಡಿಗೆ ಒಂಟಿಯಾಗಿ ಹೊರಟ ಒಬ್ಬಳೇ ಒಬ್ಬಳನ್ನು ತೋಳ ನುಂಗುತ್ತದೆ. ಆದರೆ ಅದೇ ಹತ್ತರಲ್ಲಿ 'ಓಜ್‌ನ ಮಾಂತ್ರಿಕ'ನೂ ಇತ್ತು. ಅಮೆರಿಕದ ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಕಥೆ. ಡೊರೊಥಿ ಎಂಬ ಹುಡುಗಿಯನ್ನು ಸುಂಟರಗಾಳಿ ಎತ್ತಿಕೊಂಡು ಹೋಗಿ ಅಪರಿಚಿತ ನಾಡಿನಲ್ಲಿ ಕೆಡವುತ್ತದೆ. ಅವಳು ನಡೆದೇ ದಾರಿ ಹುಡುಕುತ್ತಾಳೆ. ಪುಕ್ಕಲು ಸಿಂಹ, ತಗಡಿನ ಮನುಷ್ಯ, ಹುಲ್ಲಿನ ಬೆದರುಬೊಂಬೆ ಅವಳ ಹಿಂದೆ ಬರುತ್ತಾರೆ. ದುಷ್ಟ ಮಾಟಗಾತಿಯನ್ನು ಅವಳೇ ಮುಗಿಸುತ್ತಾಳೆ. ಕೊನೆಗೆ ಮನೆಗೆ ಮರಳುತ್ತಾಳೆ. ಯಾವ ರಾಜಕುಮಾರನೂ ಕಾದು ನಿಂತಿರುವುದಿಲ್ಲ. ಹೊರಗೆ ಹೋಗಿ ಬದುಕಿ ಬಂದ ಹೆಣ್ಣು ಕನ್ನಡದ ಚಿತ್ರಪುಸ್ತಕದಲ್ಲಿ ಇಷ್ಟು ಬೇಗ, ಒಂದು ಪುಟ್ಟ ಹುಡುಗಿಯ ರೂಪದಲ್ಲಿ ಬಂದುಹೋದಳೆಂಬುದನ್ನು ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ.

ಅನಂತ ಪೈಯವರ ಕೈಗೆ ಬಂದ ಮೇಲೆ ಅಮರ ಚಿತ್ರಕಥೆ ಪುರಾಣ ಮತ್ತು ಇತಿಹಾಸಗಳತ್ತ ತಿರುಗಿತು. ನಮ್ಮ ಮಕ್ಕಳು ಪರದೇಶದ ಕಥೆ ಬಲ್ಲರು, ನಮ್ಮದನ್ನು ಅರಿಯರು ಎಂಬ ಅವರ ಕೊರಗು ನ್ಯಾಯವಾದದ್ದೇ. 'ಕೃಷ್ಣ'ನ ಹಿಂದೆಯೇ ಶಕುಂತಲೆ ಬಂದಳು, ಸಾವಿತ್ರಿ ಬಂದಳು. ನಂತರ ಇತಿಹಾಸದ ವೀರರಾಣಿಯರು: ಝಾನ್ಸಿಯ ಲಕ್ಷ್ಮೀಬಾಯಿ, ಪದ್ಮಿನಿ, ರಾಣಿ ದುರ್ಗಾವತಿ, ಚಾಂದ್ ಬೀಬಿ, ರಜಿಯಾ ಸುಲ್ತಾನಾ. ಕುದುರೆಯೇರಿದ, ಕತ್ತಿ ಝಳಪಿಸುವ ಹೆಂಗಸರು ಮುಖಪುಟದ ಮೇಲೆ ಕಾಣಿಸಿಕೊಂಡರು. ಹುಡುಗಿಯರು ಈ ಪುಸ್ತಕಗಳನ್ನು ಹಾಳೆ ಹರಿಯುವ ತನಕ ಓದಿದರೆಂಬುದರಲ್ಲಿ ಸಂಶಯವಿಲ್ಲ. ಈ ಪುಸ್ತಕಗಳ ಉಪಕಾರವನ್ನು ಸಣ್ಣದು ಮಾಡುವುದು ನನ್ನ ಉದ್ದೇಶವಲ್ಲ.

ಆದರೂ ಕೊನೆಯ ಪುಟಗಳನ್ನು ಮಾತ್ರ ಒಂದರ ಪಕ್ಕ ಒಂದು ಇಟ್ಟು ನೋಡಬೇಕು. ಪದ್ಮಿನಿ ಜೌಹರದ ಬೆಂಕಿಗೆ ಇಳಿಯುತ್ತಾಳೆ. ದುರ್ಗಾವತಿ 1564ರಲ್ಲಿ ಶತ್ರುವಿನ ಕೈಗೆ ಸಿಗಬಾರದೆಂದು ತನ್ನನ್ನು ತಾನೇ ಇರಿದುಕೊಳ್ಳುತ್ತಾಳೆ. ಬಿಜಾಪುರವನ್ನೂ ಅಹಮದ್‌ನಗರವನ್ನೂ ಕಾಪಾಡಿದ ಚಾಂದ್ ಬೀಬಿಯನ್ನು ಅವಳ ಕಡೆಯವರೇ ಕೊಲ್ಲುತ್ತಾರೆ. ರಜಿಯಾ 1240ರಲ್ಲಿ, ಲಕ್ಷ್ಮೀಬಾಯಿ 1858ರಲ್ಲಿ ಪ್ರಾಣ ಬಿಡುತ್ತಾರೆ. ಕಿತ್ತೂರ ಚೆನ್ನಮ್ಮ 1824ರ ಅಕ್ಟೋಬರಿನಲ್ಲಿ ಥ್ಯಾಕರೆಯ ಪಡೆಯನ್ನು ಸೋಲಿಸಿದರೂ ನಮ್ಮ ಕಣ್ಣಮುಂದೆ ಉಳಿಯುವುದು ಬೈಲಹೊಂಗಲದ ಸೆರೆಮನೆ ಮತ್ತು 1829ರ ಸಾವು. ಇವೆಲ್ಲ ಚರಿತ್ರೆಯ ಸಂಗತಿಗಳು, ಚಿತ್ರಕಥೆಗಾರ ಕಟ್ಟಿದ್ದಲ್ಲ, ಸರಿ. ಆದರೆ ಚರಿತ್ರೆಯಲ್ಲಿ ಬದುಕಿದ ರಾಣಿಯರೂ ಇದ್ದರು. ಅಹಲ್ಯಾಬಾಯಿ ಹೋಳ್ಕರ್ ಮೂರು ದಶಕ ಆಳಿ 1795ರಲ್ಲಿ ಮುಪ್ಪಿನಲ್ಲಿ ತೀರಿಕೊಂಡಳು. ಔರಂಗಜೇಬನ ಸೈನ್ಯವನ್ನು ವರ್ಷಗಟ್ಟಲೆ ಆಟವಾಡಿಸಿದ ತಾರಾಬಾಯಿ 1761ರವರೆಗೆ, ಎಂಬತ್ತು ದಾಟಿ ಬದುಕಿದಳು. ಅಮರ ಚಿತ್ರಕಥೆ ಇವರನ್ನೂ ಬಿಡಲಿಲ್ಲ. ಹಾಗಿದ್ದೂ ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗಿಯರಿಗೆ ಕಟ್ಟಿಸುವ ವೇಷ ಯಾವುದು ಹೇಳಿ? ಬೆನ್ನಿಗೆ ಮಗುವನ್ನು ಕಟ್ಟಿಕೊಂಡು ಸಾಯಲು ಹೊರಟ ರಾಣಿಯದು. ತಾರಾಬಾಯಿಯ ವೇಷದ ಹುಡುಗಿಯನ್ನು ನಾನಂತೂ ಕಂಡಿಲ್ಲ. ಮಾಸ್ತಿಕಲ್ಲನ್ನು ಕೆತ್ತಿದ ಕೈ ಕಾಗದಕ್ಕೆ ಬಂದ ಮೇಲೂ ತನ್ನ ಅಭ್ಯಾಸ ಬಿಟ್ಟಿರಲಿಲ್ಲ ಎನಿಸುತ್ತದೆ.

ಸಾಯದ ಸಾಹಸಿ ಹೆಣ್ಣು ಬೇರೆ ಬಾಗಿಲಿನಿಂದ ಬಂದಳು; ಅದೂ ಒಬ್ಬ ಗಂಡಸಿನ ಬೆನ್ನ ಹಿಂದೆ. 1964ರ ಮಾರ್ಚಿನಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ 'ಇಂದ್ರಜಾಲ ಕಾಮಿಕ್ಸ್' ಆರಂಭಿಸಿತು. ಆ ಕೆಲಸದಲ್ಲಿಯೂ ಅನಂತ ಪೈಯವರ ಕೈಯಿತ್ತು. 1990ರಲ್ಲಿ ನಿಲ್ಲುವ ಹೊತ್ತಿಗೆ ಎಂಟುನೂರಕ್ಕೂ ಹೆಚ್ಚು ಸಂಚಿಕೆಗಳು ಬಂದಿದ್ದವು. ಹಲವು ಭಾರತೀಯ ಭಾಷೆಗಳಲ್ಲಿ ಬಂದ ಅದು ಕೆಲಕಾಲ ಕನ್ನಡದಲ್ಲಿಯೂ ಇತ್ತು. ಅದರ ದೊರೆ ಫ್ಯಾಂಟಮ್. 'ಸುಧಾ' ವಾರಪತ್ರಿಕೆ ಬಂದ ದಿನ ಮನೆಯಲ್ಲಿ ಅಣ್ಣತಮ್ಮಂದಿರು ಮೊದಲು ಹರಿದಾಡಿದ್ದು ಇವನ ಪುಟಕ್ಕಾಗಿಯೇ. ಮೂಲದಲ್ಲಿ ಇವನ ಕಾಡಿನ ಹೆಸರು ಬಂಗಾಳವನ್ನು ಹೋಲುತ್ತಿತ್ತು; ಓದುಗರು ತಬ್ಬಿಬ್ಬಾದಾರೆಂದು ಇಂದ್ರಜಾಲದವರು ಅದನ್ನು ಡೆಂಕಾಲಿ ಮಾಡಿದರು, ಸಿಂಗ್ ಕಡಲ್ಗಳ್ಳರನ್ನು ಸಿಂಗಾ ಎಂದರು!

ಫ್ಯಾಂಟಮ್‌ನ ಪ್ರೇಯಸಿ ಡಯಾನಾ ಪಾಮರ್ ನಮಗೆಲ್ಲ ಗೊತ್ತು. ಆದರೆ ಅವಳು ಮೊದಲು ಹೇಗಿದ್ದಳೆಂಬುದು ಗೊತ್ತೇ? ಲೀ ಫಾಕ್ ಈ ಕಥೆಯನ್ನು ಅಮೆರಿಕದ ಪತ್ರಿಕೆಗಳಲ್ಲಿ ಆರಂಭಿಸಿದ್ದು 1936ರ ಫೆಬ್ರವರಿ 17ರಂದು. ಮೊದಲ ಪಟ್ಟಿಗಳಲ್ಲಿ ಫ್ಯಾಂಟಮ್‌ನ ಸುಳಿವೇ ಇಲ್ಲ, ಇರುವುದು ಡಯಾನಾ. ಅವಳು ಕೈಗವಸು ತೊಟ್ಟು ಒಬ್ಬ ಗಂಡಸಿನೊಂದಿಗೆ ಬಾಕ್ಸಿಂಗ್ ಆಡುತ್ತಿದ್ದಾಳೆ, ಅವನನ್ನು ನೆಲಕ್ಕೆ ಕೆಡವುತ್ತಾಳೆ. ಕಥೆ ಆರಂಭವಾಗುವುದು ಅವಳ ಸಾಹಸದ ಹಂಬಲದಿಂದ. ಮುಂದೆ ಏನಾಯಿತು? ಮುಸುಕುಧಾರಿ ಬಂದ ಮೇಲೆ ಅವಳ ಮುಷ್ಟಿಗೆ ಕೆಲಸ ಕಡಿಮೆಯಾಯಿತು. ಅಪಹರಣಕ್ಕೊಳಗಾಗುವುದು ಅವಳ ಮುಖ್ಯ ಉದ್ಯೋಗವಾಯಿತು. ವಿಶ್ವಸಂಸ್ಥೆಯ ಕೆಲಸ, ಈಜುಕೊಳದ ಪದಕ ಎಲ್ಲ ಇದ್ದರೂ ಅವಳು ಕಾಯುವವಳಾದಳು. 1977ರಲ್ಲಿ ಮದುವೆ, 1979ರಲ್ಲಿ ಅವಳಿ ಮಕ್ಕಳು.

ಅದೇ ಫಾಕ್‌ಗೆ ಈ ಲೋಪ ಕಚಗುಳಿ ಇಡುತ್ತಿತ್ತೋ ಏನೋ. ಆಗಾಗ್ಗೆ ಅವನು ಬೇರೆ ಬಗೆಯ ಹೆಂಗಸರನ್ನು ತಂದ. 1936-37ರ ಒಂದು ಕಥೆಯಲ್ಲಿ ವಿಮಾನಗಳನ್ನು ದೋಚುವ ತಂಡವೊಂದಿದೆ, ಅದರಲ್ಲಿ ಎಲ್ಲರೂ ಹೆಂಗಸರು. 1952ರ ಕಥೆ ಇನ್ನೂ ಸ್ವಾರಸ್ಯಕರ. ಹದಿನೇಳನೆಯ ಫ್ಯಾಂಟಮ್ ಗಾಯಗೊಂಡು ಮಲಗಿದಾಗ ಅವನ ಅವಳಿ ತಂಗಿ ಜೂಲಿ ಮುಸುಕು ಧರಿಸಿ, ಕುದುರೆ ಏರಿ, ಅಣ್ಣನ ಕೆಲಸ ತಾನೇ ಮಾಡುತ್ತಾಳೆ. ಕಾಡಿನ ಜನಕ್ಕೆ ಫ್ಯಾಂಟಮ್ ಹೆಣ್ಣಾಗಿಬಿಟ್ಟನೆ ಎಂಬ ದಿಗ್ಭ್ರಮೆ. ಅಣ್ಣ ಎದ್ದು ಕುಳಿತ ಮೇಲೆ ಅವಳು ಮುಸುಕು ಕಳಚುತ್ತಾಳೆ. ಇಪ್ಪತ್ತು ತಲೆಮಾರಿನ ವಂಶಾವಳಿಯಲ್ಲಿ ಅವಳದು ಬದಲಿ ನೌಕರಿ.

ನಮ್ಮ ನೆಲದ ಒಬ್ಬ ನಾಯಕ ಬೇಕೆಂದು ಆಬಿದ್ ಸುರತಿ 1976ರಲ್ಲಿ ಇಂದ್ರಜಾಲಕ್ಕಾಗಿ 'ಬಹಾದುರ್'ನನ್ನು ಸೃಷ್ಟಿಸಿದರು; ಚಿತ್ರ ಗೋವಿಂದ ಬ್ರಾಹ್ಮಣಿಯಾ ಅವರದು. ಡಕಾಯಿತರನ್ನು ಎದುರಿಸಲು ಹಳ್ಳಿಗರ ದಳ ಕಟ್ಟುವ ಯುವಕನ ಕಥೆ. ಅವನ ಜೊತೆಗಾರ್ತಿ ಬೇಲಾ ಕೈಕಾಲಿನ ಹೊಡೆದಾಟ ಕಲಿತವಳು. ದಳದ ಕಾರ್ಯಾಚರಣೆಗಳಲ್ಲಿ ಅವನಿಗೆ ಸರಿಸಮ ನಿಂತವಳು. ತಾಳಿಯಿಲ್ಲದೆಯೇ ಅವನೊಂದಿಗೆ ಇದ್ದವಳು ಎಂಬುದನ್ನು ಆ ಕಾಲದ ಹಿರಿಯರು ಗಮನಿಸಿದ್ದರೆ ಪುಸ್ತಕ ಮನೆಯೊಳಗೆ ಬರುತ್ತಿತ್ತೋ ಇಲ್ಲವೋ! ಅದೃಷ್ಟವಶಾತ್ ಕಾಮಿಕ್ಸ್‌ನ ಒಳಪುಟಗಳನ್ನು ದೊಡ್ಡವರು ಓದುತ್ತಿರಲಿಲ್ಲ. ಆದರೆ ಮುಖಪುಟದ ಮೇಲಿನ ಹೆಸರು ಮಾತ್ರ ಬಹಾದುರ್.

ಹೆಸರೂ ಹೆಣ್ಣಿನದೇ ಆದ ಕಾಮಿಕ್ಸ್ ಪಶ್ಚಿಮದಲ್ಲಿ ಬಹಳ ಹಿಂದೆಯೇ ಆರಂಭವಾಗಿತ್ತು. 1927ರಲ್ಲಿ ಫ್ರಾಂಕ್ ಗಾಡ್ವಿನ್ ಆರಂಭಿಸಿದ 'ಕಾನಿ' ಎಂಬ ಹುಡುಗಿ ಕ್ರಮೇಣ ವಿಮಾನ ಹಾರಿಸಿ ದೇಶ ಸುತ್ತುವ ಸಾಹಸಿಯಾದಳು. 1930ರ ದಶಕದ ಕೊನೆಗೆ ಚಿರತೆಚರ್ಮ ಉಟ್ಟ 'ಶೀನಾ' ಕಾಡಿನ ರಾಣಿಯಾದಳು. 1941ರಲ್ಲಿ 'ವಂಡರ್ ವುಮನ್' ಬಂದಳು. ಅದೇ ವರ್ಷ ಕರಿಚರ್ಮದ ಉಡುಪಿನ 'ಮಿಸ್ ಫ್ಯೂರಿ'ಯನ್ನು ಬರೆದು ಚಿತ್ರಿಸಿದ್ದು ಜೂನ್ ಮಿಲ್ಸ್ ಎಂಬ ಹೆಂಗಸು. ಹುಡುಗರ ಕಥೆಯನ್ನು ಹೆಂಗಸು ಬರೆಯುತ್ತಾಳೆಂದರೆ ಓದುಗರು ಒಪ್ಪುವುದಿಲ್ಲವೆಂದು ಜೂನ್ ಎಂಬುದನ್ನು ಬಿಟ್ಟು ಟಾರ್ಪೆ ಮಿಲ್ಸ್ ಎಂದು ಸಹಿ ಹಾಕಿದಳು. 1940ರಲ್ಲಿ ಪತ್ರಕರ್ತೆ 'ಬ್ರೆಂಡಾ ಸ್ಟಾರ್'ಳನ್ನು ಸೃಷ್ಟಿಸಿದ ಡಾಲಿಯಾ ಮೆಸಿಕ್ ಇದೇ ಕಾರಣಕ್ಕೆ ಡೇಲ್ ಮೆಸಿಕ್ ಆದಳು. ನಾವೂ ಹಿಂದೆ ಬಿದ್ದಿರಲಿಲ್ಲ ಎನ್ನಬೇಕು: ಫ್ಯಾಂಟಮ್ ಹುಟ್ಟುವ ಮೊದಲೇ, 1935ರಲ್ಲಿ, ಮುಂಬಯಿಯ ವಾಡಿಯಾ ಸಂಸ್ಥೆಯ 'ಹಂಟರ್‌ವಾಲಿ' ಚಿತ್ರದಲ್ಲಿ ನಾಡಿಯಾ ಮುಸುಕು ಧರಿಸಿ, ಚಾವಟಿ ಹಿಡಿದು, ಕುದುರೆಯೇರಿ ದುಷ್ಟರನ್ನು ಬಡಿದಿದ್ದಳು.

ಇವರೆಲ್ಲರ ನಡುವೆ ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಒಬ್ಬಳ ಬಳಿ, ಮಾಡೆಸ್ಟಿ ಬ್ಲೇಸ್. 1963ರ ಮೇ 13ರಂದು ಲಂಡನ್ನಿನ 'ಈವನಿಂಗ್ ಸ್ಟ್ಯಾಂಡರ್ಡ್' ಪತ್ರಿಕೆಯಲ್ಲಿ ಇವಳ ಚಿತ್ರಕಥೆ ಆರಂಭವಾಯಿತು. ಬರೆದವರು ಪೀಟರ್ ಓಡೊನೆಲ್, ಚಿತ್ರಿಸಿದವರು ಜಿಮ್ ಹಾಲ್ಡವೇ. ಹಾಲ್ಡವೇ 1970ರಲ್ಲಿ ತೀರಿಕೊಂಡ ಮೇಲೆ ಸ್ಪೇನಿನ ರೊಮೆರೊ ಮುಂತಾದವರು ಮುಂದುವರಿಸಿದರು. ಈ ಪಾತ್ರ ಹುಟ್ಟಿದ ಸಂದರ್ಭವನ್ನು ಓಡೊನೆಲ್ ಅನೇಕ ಸಲ ಹೇಳಿಕೊಂಡಿದ್ದಾರೆ. ಎರಡನೆಯ ಮಹಾಯುದ್ಧದ ಕಾಲ, 1942. ಇಪ್ಪತ್ತೆರಡರ ಹರೆಯದ ಸೈನಿಕ ಓಡೊನೆಲ್ ಇರಾನಿನ ಉತ್ತರ ಭಾಗದಲ್ಲಿ ತನ್ನ ತುಕಡಿಯೊಂದಿಗೆ ಬೀಡುಬಿಟ್ಟಿದ್ದ. ಯುದ್ಧದಿಂದ ದಿಕ್ಕೆಟ್ಟ ನಿರಾಶ್ರಿತರು ಬೆಟ್ಟಗಳ ಕಡೆಯಿಂದ ಇಳಿದು ಬರುತ್ತಿದ್ದರು. ಒಂದು ಸಂಜೆ ಒಬ್ಬಳೇ ಒಬ್ಬಳು ಹುಡುಗಿ, ಹನ್ನೆರಡರ ಆಸುಪಾಸು, ಸ್ವಲ್ಪ ದೂರದಲ್ಲಿ ಕುಳಿತಳು. ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಒಂದು ಆಯುಧ: ಮರದ ತುಂಡಿಗೆ ಮೊಳೆ ಬಿಗಿದದ್ದು. ಸೈನಿಕರು ಊಟ, ಚಹಾ ಕೊಟ್ಟರು. ತಿಂದಳು. ಕೊಟ್ಟ ಪಾತ್ರೆಗಳನ್ನು ತೊಳೆದು ಹಿಂದಿಟ್ಟಳು. ಇನ್ನಷ್ಟು ಆಹಾರದ ಡಬ್ಬಿಗಳನ್ನು ಕಟ್ಟಿಕೊಟ್ಟಾಗ ಒಮ್ಮೆ ನಕ್ಕಳಂತೆ. ಆಮೇಲೆ ಎದ್ದು, ಯಾರ ರಕ್ಷಣೆಯನ್ನೂ ಕೇಳದೆ, ತನ್ನ ದಾರಿ ಹಿಡಿದು ದಕ್ಷಿಣಕ್ಕೆ ಹೊರಟುಹೋದಳು.

ಇಪ್ಪತ್ತು ವರ್ಷದ ನಂತರ ಸಾಹಸಿ ನಾಯಕಿಯೊಬ್ಬಳನ್ನು ಸೃಷ್ಟಿಸಬೇಕಾದಾಗ ಓಡೊನೆಲ್‌ಗೆ ನೆನಪಾದದ್ದು ಆ ನಡಿಗೆ. ಆದ್ದರಿಂದಲೇ ಮಾಡೆಸ್ಟಿ ಅರಮನೆಯಿಂದ ಬಂದವಳಲ್ಲ. ಅವಳಿಗೆ ತಂದೆತಾಯಿಯ ನೆನಪಿಲ್ಲ, ಊರಿಲ್ಲ, ಹುಟ್ಟಿದ ದಿನ ಗೊತ್ತಿಲ್ಲ. ಗ್ರೀಸಿನ ನಿರಾಶ್ರಿತರ ಶಿಬಿರದಿಂದ ತಪ್ಪಿಸಿಕೊಂಡು ಪಶ್ಚಿಮ ಏಷ್ಯಾದ ನಾಡುಗಳಲ್ಲಿ ಬಾಲ್ಯವೆಲ್ಲ ಅಲೆಯುತ್ತಾಳೆ. ದಾರಿಯಲ್ಲಿ ಸಿಕ್ಕ ಒಬ್ಬ ಮುದಿ ಪ್ರೊಫೆಸರನ್ನು ಕಾಪಾಡುತ್ತಾಳೆ. ಆತ ಅವಳಿಗೆ ಓದು ಕಲಿಸುತ್ತಾನೆ, ಹೆಸರು ಕೊಡುತ್ತಾನೆ. ಮುಂದೆ ಟ್ಯಾಂಜಿಯರಿನಲ್ಲಿ ಒಂದು ಕಳ್ಳವ್ಯವಹಾರದ ಜಾಲವನ್ನೇ ಕಟ್ಟಿ ನಡೆಸುತ್ತಾಳೆ. ಆದರೆ ಮಾದಕವಸ್ತು, ಹೆಣ್ಣುಮಕ್ಕಳ ಮಾರಾಟ ಎರಡಕ್ಕೂ ಅವಳ ಬಳಿ ಜಾಗವಿಲ್ಲ. ಇಪ್ಪತ್ತಾರರ ಸುಮಾರಿಗೆ ಸಾಕಷ್ಟು ಹಣ ಮಾಡಿ ನಿವೃತ್ತಳಾದವಳನ್ನು ಬ್ರಿಟಿಷ್ ಗುಪ್ತಚರ ಅಧಿಕಾರಿ ಹುಡುಕಿಕೊಂಡು ಬರುತ್ತಾನೆ. ಜೊತೆಗಾರ ವಿಲ್ಲಿ ಗಾರ್ವಿನ್ ಅವಳ ಯಜಮಾನನಲ್ಲ, ಪ್ರಿಯಕರನೂ ಅಲ್ಲ. ಅವಳ ಕೈಕೆಳಗೆ ದುಡಿದವನು, ಅವಳಿಗಾಗಿ ಪ್ರಾಣ ಕೊಡುವ ಗೆಳೆಯ. ಇಂಥ ಸಂಬಂಧಕ್ಕೆ ನಮ್ಮ ಕಥೆಗಳಲ್ಲಿ ಹೆಸರೇ ಇಲ್ಲ. ಅಣ್ಣತಂಗಿ ಎಂದುಬಿಟ್ಟರೆ ಅದು ಸುಳ್ಳಾಗುತ್ತದೆ.

ಇವಳನ್ನು ಎತ್ತಿ ಪೀಠದ ಮೇಲೆ ಕೂರಿಸಬೇಕಿಲ್ಲ. ಶತ್ರುಗಳ ಕೋಣೆಗೆ ಅರೆಬತ್ತಲೆಯಾಗಿ ನುಗ್ಗಿ, ಅವರು ಕಣ್ಣುಬಾಯಿ ಬಿಟ್ಟ ಕ್ಷಣದಲ್ಲಿ ಹೊಡೆಯುವ ಒಂದು ಉಪಾಯ ಅವಳ ಬಳಿಯಿದೆ. ಓದುಗ ಗಂಡಸೇ ಎಂದು ಬರೆದವನು ಲೆಕ್ಕ ಹಾಕಿದ್ದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಶೀನಾಳ ಚಿರತೆಚರ್ಮಕ್ಕೂ ಇದೇ ಮಾತು ಸಲ್ಲುತ್ತದೆ. ಆದರೂ ಒಂದು ವ್ಯತ್ಯಾಸವಿದೆ. ಮಾಡೆಸ್ಟಿ ಹೆದರುತ್ತಾಳೆ, ಏಟು ತಿನ್ನುತ್ತಾಳೆ, ಲೆಕ್ಕ ಹಾಕುತ್ತಾಳೆ. ಕೆಲಸ ಮುಗಿದ ಮೇಲೆ ಒಮ್ಮೊಮ್ಮೆ ವಿಲ್ಲಿಯ ಹೆಗಲಿಗೊರಗಿ ಅತ್ತು, ಮುಖ ತೊಳೆದು, ಏಳುತ್ತಾಳೆ. ಬದುಕುಳಿಯುವುದು ಅವಳ ವಿದ್ಯೆ. ಅಂದಹಾಗೆ ಇದೇ ಓಡೊನೆಲ್ ಮ್ಯಾಡಲಿನ್ ಬ್ರೆಂಟ್ ಎಂಬ ಹೆಣ್ಣಿನ ಹೆಸರಿನಲ್ಲಿ ಪ್ರೇಮಕಾದಂಬರಿಗಳನ್ನು ಬರೆದು ಬಹುಮಾನವನ್ನೂ ಪಡೆದರು. ಸಾಹಸ ಬರೆಯಲು ಹೆಣ್ಣು ಹೆಸರು ಮುಚ್ಚಿಡಬೇಕು, ಪ್ರೇಮ ಬರೆಯಲು ಗಂಡು!

ಕೋಲಾರದ ಮಾತಿಗೆ ಇವಳೇಕೆ ಎಂದು ಕೇಳಬಹುದು. 1984ರ ಜುಲೈನಲ್ಲಿ ತಮಿಳುನಾಡಿನ ಶಿವಕಾಶಿಯಿಂದ 'ಲಯನ್ ಕಾಮಿಕ್ಸ್' ಎಂಬ ಪತ್ರಿಕೆ ಆರಂಭವಾಯಿತು. ಪಟಾಕಿ, ಬೆಂಕಿಪೊಟ್ಟಣ, ಕ್ಯಾಲೆಂಡರುಗಳ ಊರಾದ ಶಿವಕಾಶಿಯಿಂದಲೇ 1972ರಿಂದ 'ಮುತ್ತು ಕಾಮಿಕ್ಸ್' ಬರುತ್ತಿತ್ತು. ಅದೇ ಮನೆತನದ ಎರಡನೆಯ ಸಾಹಸವಿದು. ಹೊಸ ಪತ್ರಿಕೆಯ ಮೊದಲ ಸಂಚಿಕೆಗೆ ಅವರು ಆರಿಸಿಕೊಂಡದ್ದು ಯಾವ ಮುಸುಕುಧಾರಿ ಗಂಡಸನ್ನೂ ಅಲ್ಲ, ಮಾಡೆಸ್ಟಿಯನ್ನು. ಕಥೆಯ ಹೆಸರು 'ಕತ್ತಿ ಮುನೈಯಿಲ್ ಮಾಡಸ್ಟಿ', ಕತ್ತಿಯ ಮೊನೆಯಲ್ಲಿ ಮಾಡೆಸ್ಟಿ ಎಂದರ್ಥ. ತಮಿಳು ಓದುವ ಲಕ್ಷಾಂತರ ಜನರಿರುವ ನಾಡಿನ ಅಂಚಿಗೆ ನಮ್ಮ ಮಾಲೂರು ಇದೆ. ತಮಿಳೇ ಬೀದಿಮಾತಾದ ಚಿನ್ನದ ಗಣಿ ಕೋಲಾರ ಪಟ್ಟಣದಿಂದ ಮೂವತ್ತು ಕಿಲೋಮೀಟರು ದಾಟುವುದಿಲ್ಲ. ಒಂದೇ ಜಿಲ್ಲೆಯ ಎರಡು ಮನೆಗ��ಲ್ಲಿ ಇಬ್ಬರು ಹುಡುಗಿಯರಿದ್ದರೆಂದು ಇಟ್ಟುಕೊಳ್ಳಿ. ಒಬ್ಬಳಿಗೆ ಬರುವ ಅಕ್ಷರ ತಮಿಳು, ಇನ್ನೊಬ್ಬಳಿಗೆ ಕನ್ನಡ. ಮೊದಲನೆಯವಳು ಊರಿಲ್ಲದ, ಹೆಸರಿಲ್ಲದ ಹೆಣ್ಣೊಬ್ಬಳು ಗೆದ್ದು ಬದುಕುವುದನ್ನು ತನ್ನ ನುಡಿಯಲ್ಲೇ ಓದಬಹುದಿತ್ತು. ಎರಡನೆಯವಳಿಗೆ ಸುಲಭವಾಗಿ ಎಟುಕಿದ್ದು ಪದ್ಮಿನಿಯ ಕೊನೆಯ ಪುಟ. 'ಚಂದಮಾಮ'ದ ಕಾಲದಲ್ಲಿ ಒಂದೇ ಚಿತ್ರ ಮೂರು ಭಾಷೆಯ ಮನೆಗಳಿಗೂ ಹೋಗಿತ್ತು. ಸಾಹಸಿ ಹೆಂಗಸಿನ ಕಾಲಕ್ಕೆ ಚಿತ್ರವೂ ಭಾಷೆಯ ಗಡಿಗೆ ಬಂದು ನಿಂತಿತು.

ಮಾಡೆಸ್ಟಿಯ ಕೊನೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ಅವಳಿಗೆ ಎರಡು ಕೊನೆಗಳಿವೆ. ಓಡೊನೆಲ್ ಚಿತ್ರಕಥೆಯ ಜೊತೆಗೆ ಅವಳ ಕಾದಂಬರಿ, ಕಥೆಗಳನ್ನೂ ಬರೆಯುತ್ತಿದ್ದರು. 1996ರ 'ಕೋಬ್ರಾ ಟ್ರ್ಯಾಪ್' ಎಂಬ ಸಂಕಲನದ ಕೊನೆಯ ಕಥೆಯಲ್ಲಿ, ಐವತ್ತು ದಾಟಿದ ಮಾಡೆಸ್ಟಿ ಇತರರನ್ನು ಉಳಿಸಲು ಹೋರಾಡುತ್ತ ಸಾಯುತ್ತಾಳೆ, ವಿಲ್ಲಿಯೂ ಸಾಯುತ್ತಾನೆ. ಬೇರೆಯವರು ತನ್ನ ಪಾತ್ರವನ್ನು ಕೈಗೆತ್ತಿಕೊಳ್ಳಬಾರದೆಂಬ ಯೋಚನೆಯೂ ಇದರ ಹಿಂದಿತ್ತೆನ್ನುತ್ತಾರೆ. ಅನೇಕ ಅಭಿಮಾನಿಗಳು ಆ ಕಥೆಯನ್ನು ಓದಲು ಇಂದಿಗೂ ನಿರಾಕರಿಸುತ್ತಾರೆ. ಆದರೆ ಪತ್ರಿಕೆಯ ಚಿತ್ರಪಟ್ಟಿ 2001ರ ಏಪ್ರಿಲ್ 11ರಂದು ಮುಗಿದಾಗ ಅವರು ಹಾಗೆ ಮಾಡಲಿಲ್ಲ. ಅಲ್ಲಿ ಅವಳು ಮತ್ತು ವಿಲ್ಲಿ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳೋಣವೆಂದು ಹೊರಟುಹೋಗುತ್ತಾರೆ, ಅಷ್ಟೇ. ಅಕ್ಷರದಲ್ಲಿ ಸತ್ತವಳು ಚಿತ್ರದಲ್ಲಿ ಉಳಿದಳು. 2010ರಲ್ಲಿ ಓಡೊನೆಲ್ ತೀರಿಕೊಂಡರು. 1942ರ ಆ ಹುಡುಗಿ ಯಾರು, ಎಲ್ಲಿಗೆ ಹೋದಳು ಎಂಬುದು ಅವರಿಗೆ ಕೊನೆಗೂ ತಿಳಿಯಲಿಲ್ಲ.

ಒಂಟಿಯಾಗಿ ನಡೆದುಹೋದ ಹೆಣ್ಣಿನ ಕಥೆ ನಮ್ಮ ಮುಳಬಾಗಿಲು ತಾಲ್ಲೂಕಿಗೂ ಹೊಸದಲ್ಲ. ನೊಳಂಬರ ಕಾಲದ ಗುಡಿಗಳಿರುವ ಆವಣಿಯ ಬೆಟ್ಟ ವಾಲ್ಮೀಕಿಯ ಆಶ್ರಮವಾಗಿತ್ತೆಂದೂ, ಗಂಡ ಬಿಟ್ಟ ಸೀತೆ ಲವಕುಶರನ್ನು ಹೆತ್ತು ಬೆಳೆಸಿದ್ದು ಇಲ್ಲೇ ಎಂದೂ ಜನ ನಂಬುತ್ತಾರೆ. ಆ ಹುಡುಗರು ಅಶ್ವಮೇಧದ ಕುದುರೆ ಕಟ್ಟಿ ಅಪ್ಪನ ಸೈನ್ಯವನ್ನು ಸೋಲಿಸಿದ್ದೂ ಈ ಸೀಮೆಯಲ್ಲೇ ಎನ್ನುತ್ತಾರೆ. ಅಮರ ಚಿತ್ರಕಥೆ ಈ ಪ್ರಸಂಗವನ್ನು ಬಹಳ ಮೊದಲೇ, 18ನೆಯ ಸಂಖ್ಯೆಯಾಗಿ ಪ್ರಕಟಿಸಿತು. ಇಂಗ್ಲಿಷಿನಲ್ಲಿ ಅದಕ್ಕೆ ಇಟ್ಟ ಹೆಸರಿನ ಅರ್ಥ 'ರಾಮನ ಮಕ್ಕಳು' ಎಂದು. ಆವಣಿಯ ಬೆಟ್ಟದ ಕೆಳಗೆ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ಅಣ್ಣತಮ್ಮಂದಿರ ಹೆಸರಿನ ಗುಡಿಗಳು ಸಾಲಾಗಿವೆ. ಅವನ್ನು ದಾಟಿ, ಬಂಡೆಗಳ ನಡುವೆ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಮೇಲೆ ಹೋದರೆ ಅಲ್ಲಿ ಇನ್ನೊಂದು ಗುಡಿಯಿದೆ. ಅದು ಸೀತೆಯದು.